ಆಲನ್ ಪೆಟರ್ಸನ್: ನಿಲ್ಲದೆ ಹರಿಯುವ ಸಿಂಫನಿಗಳನ್ನು ಕೇಳುವುದು ಹೇಗೆ?

ಸ್ವೀಡನ್ನಿನ ಸಂಯೋಜಕ ಆಲನ್ ಪೆಟರ್ಸನ್ ಬಗ್ಗೆ ಎಲ್ಲಿ ಓದಿದರೂ ಮೊದಲ ಪ್ಯಾರಾದಲ್ಲೇ ಅವನ ಸಂಕಟಗಳ ಪಟ್ಟಿ ಬರುತ್ತದೆ. ಕುಡುಕ ಅಪ್ಪ, ಕಡು ಬಡತನ, ಸಂಧಿವಾತಕ್ಕೆ ಸಿಕ್ಕ ಕೈಕಾಲು, ಮೆಟ್ಟಿಲಿಳಿಯಲಾಗದೆ ಮನೆಯೊಳಗೇ ಕಳೆದ ವರ್ಷಗಳು. ಇದೆಲ್ಲ ನಿಜವೇ. ಆದರೆ ಇದನ್ನಷ್ಟೇ ತಲೆಯಲ್ಲಿಟ್ಟುಕೊಂಡು ಕೇಳಲು ಕೂತವರಿಗೆ ಅವನ ಸಂಗೀತ ಬರೀ ನರಳಾಟದಂತೆ ಕೇಳಿಸುತ್ತದೆ. ಹತ್ತು ನಿಮಿಷ ಸಹಿಸಿ, ಪಾಪ ಎಂದುಕೊಂಡು ನಿಲ್ಲಿಸಿಬಿಡುತ್ತಾರೆ. ನನಗೆ ಅವನ ಬದುಕಿನ ಬೇರೆ ಎರಡು ಸಂಗತಿಗಳು ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಒಂದು, ಅವನು ಸುಮಾರು ಹತ್ತು ವರ್ಷ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸಿದವನು. ಇನ್ನೊಂದು, ಸಿಂಫನಿಗೆ, ಅಂದರೆ ಇಡೀ ಆರ್ಕೆಸ್ಟ್ರಾಕ್ಕಾಗಿ ಬರೆಯುವ ದೊಡ್ಡ ಕೃತಿಗೆ, ಕೈಹಾಕುವ ಮುಂಚೆ ತಾನೇ ಸಾಹಿತ್ಯ ಬರೆದು 24 ಹಾಡು ಕಟ್ಟಿದವನು. ಮುಂದೆ ಬರೆದ ದೈತ್ಯ ಸಿಂಫನಿಗಳ ಗುಟ್ಟು ಬಹುಪಾಲು ಇಲ್ಲೇ ಇದೆ.

ವಿಯೋಲಾ ನೋಡಲು ಪಿಟೀಲಿನ ಹಾಗೆಯೇ ಇರುತ್ತದೆ. ಗಾತ್ರ ತುಸು ದೊಡ್ಡದು, ದನಿ ಕೆಳಗಿನದು, ಬಣ್ಣ ಮಬ್ಬು. ಆರ್ಕೆಸ್ಟ್ರಾದಲ್ಲಿ ಮೇಲಿನ ರಾಗವನ್ನು ಪಿಟೀಲುಗಳು ಹಿಡಿಯುತ್ತವೆ, ಬುಡವನ್ನು ಚೆಲ್ಲೋಗಳು ಮತ್ತು ಡಬಲ್ ಬೇಸ್‌ಗಳು ಹಿಡಿಯುತ್ತವೆ. ನಡುವಿನ ಜಾಗ ತುಂಬುವ ಕೆಲಸ ವಿಯೋಲಾದವರದು. ಅವರಿಗೆ ರಾಗ ಸಿಗುವುದು ಅಪರೂಪ. ಸಭೆಯಲ್ಲಿ ಕೂತವರಿಗೆ ಮೇಲ್ಮೈ ಕೇಳಿಸಿದರೆ, ಅವರಿಗೆ ಸಂಗೀತದ ಒಳಮೈ ಕೇಳಿಸುತ್ತದೆ: ಯಾವ ದನಿಯ ಅಡಿಯಲ್ಲಿ ಯಾವ ದನಿ ಹರಿಯುತ್ತಿದೆ, ಎಲ್ಲಿ ಒಂದು ಸ್ವರ ಇನ್ನೊಂದಕ್ಕೆ ತಾಗಿ ಕಿಡಿ ಹಾರುತ್ತದೆ, ಹಿತ್ತಾಳೆ ವಾದ್ಯಗಳು ಹಿಂದಿನಿಂದ ಬಂದು ಬಡಿದಾಗ ತಂತಿವಾದ್ಯಗಳು ಹೇಗೆ ತಡೆದುಕೊಳ್ಳುತ್ತವೆ. ಪೆಟರ್ಸನ್ನನ ಸಿಂಫನಿಗಳನ್ನು ಕೇಳುವಾಗ ನನಗೆ ಅನಿಸುವುದು, ಇವನ್ನು ಬರೆದವನು ಸಭಾಂಗಣದ ಕುರ್ಚಿಯಲ್ಲಿ ಕೂತು ಯೋಚಿಸಿಲ್ಲ, ವಾದ್ಯಗಳ ನಡುವೆ ಕೂತು ಯೋಚಿಸಿದ್ದಾನೆ ಎಂದು. ಮೊದಲ ಸಲ ಕೇಳಿದಾಗ ಎಲ್ಲವೂ ಒಂದೇ ಸಲ ಮೈಮೇಲೆ ಬಂದಂತಾಗುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಅವನು ಹುಟ್ಟಿದ್ದು 1911ರ ಸೆಪ್ಟೆಂಬರ್ 19ರಂದು, ಉಪ್‌ಲಾಂಡ್ ಪ್ರಾಂತ್ಯದ ವೆಸ್ತ್ರ ರೀಡ್ ಎಂಬ ಊರಿನಲ್ಲಿ. ಬೆಳೆದದ್ದು ಸ್ಟಾಕ್‌ಹೋಮ್‌ನ ದಕ್ಷಿಣ ಭಾಗದ ಸೋಡರ್‌ಮಾಲ್ಮ್ ದ್ವೀಪದಲ್ಲಿ. ಇವತ್ತು ಅಲ್ಲಿ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಆಗ ಅದು ಕೂಲಿಕಾರರ ಕೇರಿ. ಅಪ್ಪ ಕಮ್ಮಾರ, ಕುಡಿತದವನು, ಕೈಯೆತ್ತುವವನು. ತಾಯಿ ದೈವಭಕ್ತೆ, ಮನೆಯಲ್ಲಿ ಭಕ್ತಿಗೀತೆ ಹಾಡುತ್ತಿದ್ದಳು. ಹುಡುಗ ಕ್ರಿಸ್‌ಮಸ್ ಕಾರ್ಡು ಮಾರಿ ಕೂಡಿಟ್ಟ ದುಡ್ಡಲ್ಲಿ ಒಂದು ಅಗ್ಗದ ಪಿಟೀಲು ಕೊಂಡ. ಕಲಿತದ್ದೂ ಹೆಚ್ಚುಕಡಿಮೆ ತನ್ನಷ್ಟಕ್ಕೆ ತಾನೇ. 1930ರಲ್ಲಿ ಸ್ಟಾಕ್‌ಹೋಮ್‌ನ ಸಂಗೀತ ವಿದ್ಯಾಲಯಕ್ಕೆ ಸೇರಿದ. ಅಲ್ಲಿ ಪಿಟೀಲು, ವಿಯೋಲಾ, ಸಂಗೀತ ರಚನೆಯ ವ್ಯಾಕರಣ ಎಲ್ಲ ಆಯಿತು. ಜೆನ್ನಿ ಲಿಂಡ್ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿ, 1939ರಲ್ಲಿ ಮೋರಿಸ್ ವಿಯೂ ಎಂಬ ವಿಯೋಲಾ ಗುರುವಿನ ಬಳಿ ಕಲಿಯಲು ಪ್ಯಾರಿಸಿಗೆ ಹೋದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಹೊತ್ತಿಕೊಂಡಿತು. ಊರಿಗೆ ಮರಳಿ 1940ರ ದಶಕವಿಡೀ ಸ್ಟಾಕ್‌ಹೋಮ್ ಕಾನ್ಸರ್ಟ್ ಸೊಸೈಟಿಯ ಆರ್ಕೆಸ್ಟ್ರಾದಲ್ಲಿ ನೌಕರಿ ಮಾಡಿದ. ಇವತ್ತಿನ ರಾಯಲ್ ಸ್ಟಾಕ್‌ಹೋಮ್ ಫಿಲ್‌ಹಾರ್ಮೋನಿಕ್ ಅದೇ ವಾದ್ಯವೃಂದ. 1943ರಲ್ಲಿ ಗುಡ್ರುನ್ ಗುಸ್ತಾಫ್‌ಸನ್ ಎಂಬವಳನ್ನು ಮದುವೆಯಾದ. ಅವಳು ಫಿಸಿಯೋಥೆರಪಿಸ್ಟ್. ಮುಂದಿನ ಕಥೆ ಗೊತ್ತಿರುವವರಿಗೆ ಈ ವಿವರ ಓದುವಾಗ ಒಂದು ಕ್ಷಣ ಕಣ್ಣು ನಿಲ್ಲುತ್ತದೆ.

ನೌಕರಿ ಮಾಡುತ್ತಲೇ 1943ರಿಂದ 1945ರವರೆಗೆ ಅವನು ಬರೆದದ್ದು ‘ಬಾರ್‌ಫೂಟಸೋಂಗರ್’, ಅಂದರೆ ಬರಿಗಾಲ ಹಾಡುಗಳು. ಒಂದು ದನಿ, ಒಂದು ಪಿಯಾನೋ. ಒಟ್ಟು 24 ಹಾಡು, ಸಾಹಿತ್ಯವೂ ಅವನದೇ. ರಾಗಗಳು ಜನಪದ ಹಾಡಿನಷ್ಟು ಸರಳ, ಒಂದೆರಡು ಸಲ ಕೇಳಿದರೆ ಬಾಯಿಗೆ ಬರುತ್ತವೆ. ಆದರೆ ಒಳಗಿರುವುದು ಬಡ ಮಗುವಿನ ಲೋಕ: ಚಳಿ, ಹಸಿವು, ಸತ್ತುಹೋದವರು, ಹುಲ್ಲುಗಾವಲಿನಲ್ಲಿ ಓಡಾಡುವ ದೇವರು. ಈ ಹಾಡುಗಳನ್ನು ಆರಂಭದ ಸಣ್ಣ ಕೃತಿಗಳೆಂದು ಬದಿಗಿಡುವ ಅಭ್ಯಾಸವಿದೆ. ನನ್ನ ಪ್ರಕಾರ ಅದು ತಪ್ಪು. ಪೆಟರ್ಸನ್ ಬದುಕಿಡೀ ಮರಳಿ ಮರಳಿ ಬಂದ ಬೀಜಗಳು ಇವು. ಇಪ್ಪತ್ತು ವರ್ಷಗಳ ನಂತರದ ಸಿಂಫನಿಯೊಂದರಲ್ಲಿ, ಮೂವತ್ತು ವರ್ಷ ದಾಟಿದ ಮೇಲಿನ ಕನ್ಚೆರ್ಟೋ (ಒಂದು ಮುಖ್ಯ ವಾದ್ಯ, ಜೊತೆಗೆ ವಾದ್ಯವೃಂದ ಇರುವ ಕೃತಿ) ಒಂದರಲ್ಲಿ ಇದೇ ಹಾಡುಗಳು ಹೆಸರಿನ ಸಮೇತ ಬಂದು ಕೂರುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅವನ ಕಾಲದ ಸ್ವೀಡನ್ನಿನಲ್ಲಿ ಆಧುನಿಕ ಸಂಗೀತ ಎಂದರೆ ಏನಿತ್ತು ಎಂದು ಹೇಳಬೇಕು. ಯುದ್ಧದ ಹೊತ್ತಿನಲ್ಲಿ ಸ್ಟಾಕ್‌ಹೋಮ್‌ನ ಕೆಲವು ಎಳೆಯ ಸಂಯೋಜಕರು ಸೋಮವಾರಗಳಂದು ಒಬ್ಬರ ಮನೆಯಲ್ಲಿ ಸೇರಿ ಹೊಸ ಸಂಗೀತ ಓದುತ್ತಿದ್ದರು, ವಾದಿಸುತ್ತಿದ್ದರು. ಅವರನ್ನು ಸೋಮವಾರದ ಗುಂಪು ಎಂದೇ ಕರೆಯುತ್ತಾರೆ. ಕಾರ್ಲ್-ಬಿರ್ಗರ್ ಬ್ಲೂಮ್‌ಡಾಲ್, ಸ್ವೆನ್-ಎರಿಕ್ ಬೆಕ್, ಇಂಗ್ವಾರ್ ಲಿಡ್‌ಹೋಮ್ ಅದರ ಮುಖ್ಯ ಹೆಸರುಗಳು. ಇಂಪಾದ, ನಾಡಪ್ರೇಮದ ಹಳೆಯ ಸ್ವೀಡಿಷ್ ಸಂಗೀತ ಸಾಕು, ಯೂರೋಪಿನ ಹೊಸ ಗಾಳಿ ಬೇಕು ಎಂಬುದು ಅವರ ಹಟ. ಬ್ಲೂಮ್‌ಡಾಲ್ ಮುಂದೆ 1959ರಲ್ಲಿ ದಾರಿತಪ್ಪಿದ ಅಂತರಿಕ್ಷ ನೌಕೆಯ ಕಥೆಯುಳ್ಳ ‘ಅನಿಯಾರಾ’ ಒಪೆರಾ ಬರೆದು ಹೆಸರಾದ. ಪೆಟರ್ಸನ್ ಈ ಗುಂಪಿನವನಲ್ಲ. ಆದರೆ ಬ್ಲೂಮ್‌ಡಾಲ್ ಬಳಿ ರಚನೆಯ ಪಾಠ ಹೇಳಿಸಿಕೊಂಡ. ಗುರು ಶಿಷ್ಯನಿಗಿಂತ ಐದು ವರ್ಷ ಚಿಕ್ಕವನು! ಆಮೇಲೆ ಕೆಲಸ ಬಿಟ್ಟು 1951ರಲ್ಲಿ ಮತ್ತೆ ಪ್ಯಾರಿಸಿಗೆ ಹೋಗಿ ಆರ್ಥರ್ ಓನೆಗರ್ ಮತ್ತು ರೆನೆ ಲೈಬೊವಿಟ್ಸ್ ಬಳಿ ಕಲಿತ. ಲೈಬೊವಿಟ್ಸ್ ಆಗ ಹನ್ನೆರಡು ಸ್ವರ ಪದ್ಧತಿಯ ದೊಡ್ಡ ಪ್ರಚಾರಕ.

ಹನ್ನೆರಡು ಸ್ವರ ಪದ್ಧತಿ ಎಂದರೇನು? ನಮ್ಮ ಕಚೇರಿಯಲ್ಲಿ ತಂಬೂರಿ ಷಡ್ಜವನ್ನು ಕೊನೆಯವರೆಗೆ ಹಿಡಿದಿರುತ್ತದೆ. ಗಾಯಕ ಎಲ್ಲಿಗೆ ಹೋದರೂ ನಮ್ಮ ಕಿವಿಗೆ ಮನೆ ಎಲ್ಲಿದೆ ಎಂದು ಗೊತ್ತು. ನಿಷಾದ ಎಳೆಯುವುದು, ಷಡ್ಜಕ್ಕೆ ಬಂದಾಗ ಸಮಾಧಾನವಾಗುವುದು, ಎಲ್ಲ ಅದರಿಂದಲೇ. ಪಾಶ್ಚಾತ್ಯ ಸಂಗೀತದಲ್ಲಿ ತಂಬೂರಿ ಇಲ್ಲ, ಆದರೆ ಸುಮಾರು ಮುನ್ನೂರು ವರ್ಷ ಅಲ್ಲೂ ಮನೆಸ್ವರ ಇತ್ತು. ಒಂದು ವ್ಯತ್ಯಾಸವೆಂದರೆ ಅಲ್ಲಿ ನಡುದಾರಿಯಲ್ಲಿ ಮನೆ ಬದಲಾಯಿಸಬಹುದು, ಕೊನೆಗೆ ಮಾತ್ರ ಹೊರಟಲ್ಲಿಗೆ ಬರಬೇಕು. 20ನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ಆರ್ನಾಲ್ಡ್ ಶೋನ್‌ಬರ್ಗ್ ಈ ಮನೆಯನ್ನೇ ತೆಗೆದುಬಿಟ್ಟ. 1920ರ ದಶಕದಲ್ಲಿ ಅದಕ್ಕೊಂದು ವಿಧಾನವನ್ನೂ ಕಟ್ಟಿದ: ಸಪ್ತಕದ ಹನ್ನೆರಡೂ ಸ್ವರಸ್ಥಾನಗಳನ್ನು ಒಂದು ಸಾಲಿನಲ್ಲಿ ಜೋಡಿಸಿಕೊಂಡು, ಆ ಸಾಲನ್ನೇ ಹಿಂದುಮುಂದು, ತಲೆಕೆಳಗು ಮಾಡಿ ಕೃತಿ ಹೆಣೆಯುವುದು. ಯಾವ ಸ್ವರಕ್ಕೂ ಷಡ್ಜದ ಪಟ್ಟ ಇಲ್ಲ. ಯುದ್ಧದ ನಂತರದ ಯೂರೋಪಿನಲ್ಲಿ ಬುದ್ಧಿವಂತ ಸಂಯೋಜಕ ಎನಿಸಿಕೊಳ್ಳಲು ಈ ದಾರಿ ಹಿಡಿಯಲೇಬೇಕು ಎಂಬ ಒತ್ತಡವಿತ್ತು.

ಪೆಟರ್ಸನ್ ಈ ವಿದ್ಯೆ ಕಲಿತ, ದೀಕ್ಷೆ ತೆಗೆದುಕೊಳ್ಳಲಿಲ್ಲ. 1949ರ ಪಿಟೀಲು ಮತ್ತು ಸ್ಟ್ರಿಂಗ್ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ತಂಡದ) ಕನ್ಚೆರ್ಟೋ, 1951ರ ಎರಡು ಪಿಟೀಲುಗಳ ಏಳು ಸೊನಾಟಾಗಳು ಕಟುವಾದ, ಮೂಳೆ ಕಾಣುವಂಥ ಕೃತಿಗಳು. ಅವನ್ನು ಕೇಳಿದರೆ ಹೊಸ ಭಾಷೆ ಅವನಿಗೆ ಕೈವಶವಾಗಿತ್ತು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಆದರೆ ಸಿಂಫನಿಗಳಿಗೆ ಬಂದಾಗ ಮನೆಸ್ವರವನ್ನು ಪೂರ್ತಿ ಕೈಬಿಡಲಿಲ್ಲ. ಮನೆಯನ್ನು ಬಹಳ ಹೊತ್ತು ಕಾಣದಂತೆ ಮಾಡಿದ, ಅಷ್ಟೇ. ಹೀಗಾಗಿ ಹಳಬರಿಗೆ ಅವನ ಸಂಗೀತ ಕರ್ಕಶ ಎನಿಸಿತು, ಹೊಸಬರಿಗೆ ಹಳೆಯದು ಎನಿಸಿತು. ಎರಡೂ ಕಡೆ ಸಲ್ಲದವನಾಗಿ ಅವನು ಬಹುಕಾಲ ಉಳಿದ. ಇದಕ್ಕೆ ಅವನ ಜಗಳಗಂಟ ಸ್ವಭಾವವೂ ಸಾಕಷ್ಟು ಸಹಾಯ ಮಾಡಿತೆನ್ನಬೇಕು.

ಪ್ಯಾರಿಸಿನಿಂದ ಬಂದ ಹೊತ್ತಿಗೆ ಕೀಲುನೋವು ಶುರುವಾಗಿತ್ತು. 1953ರ ಸುಮಾರಿಗೆ ಅದು ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾಯಿತು. ವಾದಕನ ಬದುಕು ಅಲ್ಲಿಗೆ ಮುಗಿಯಿತು. ಮೊದಲ ಸಿಂಫನಿ ಅರ್ಧಕ್ಕೆ ನಿಂತಿತ್ತು, ಅದನ್ನು ಹಾಗೆಯೇ ಬಿಟ್ಟು ಎರಡನೆಯದನ್ನು 1953ರಲ್ಲಿ ಮುಗಿಸಿದ. ಆಮೇಲೆ 1955ರಲ್ಲಿ ಮೂರನೆಯದು, 1959ರಲ್ಲಿ ನಾಲ್ಕನೆಯದು, 1962ರಲ್ಲಿ ಐದನೆಯದು. ಐದನೆಯದನ್ನು ಮುಗಿಸುವಷ್ಟರಲ್ಲಿ ಓಡಾಟ ತೀರ ಕಷ್ಟವಾಗಿತ್ತು. 1964ರಲ್ಲಿ ಸ್ವೀಡನ್ ಸರ್ಕಾರ ಅವನಿಗೆ ಜೀವನಪರ್ಯಂತದ ಕನಿಷ್ಠ ಆದಾಯದ ಖಾತರಿ ಕೊಟ್ಟಿತು. ದೊಡ್ಡ ಹೆಸರು ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಸರ್ಕಾರವೊಂದು ಹೀಗೆ ಮಾಡಿತು ಎಂಬುದನ್ನು ಗಮನಿಸಬೇಕು. ನಂತರದ ಕೃತಿಗಳ ಗಾತ್ರ ನೋಡಿದರೆ ಆ ದುಡ್ಡು ಎಷ್ಟು ಕೆಲಸ ಮಾಡಿತೆಂದು ತಿಳಿಯುತ್ತದೆ.

ಈಗ ಆ ಸಿಂಫನಿಗಳ ರಚನೆಗೆ ಬರೋಣ. ಸಿಂಫನಿ ಎಂದರೆ ಸಾಮಾನ್ಯವಾಗಿ ನಾಲ್ಕು ಭಾಗಗಳ ಕೃತಿ: ವೇಗದ ಮೊದಲ ಭಾಗ, ನಿಧಾನದ ಎರಡನೆಯದು, ಕುಣಿತದ ಮೂರನೆಯದು, ಕೊನೆಗೆ ಗೆಲುವಿನ ಓಟ. ನಡುನಡುವೆ ನಿಲುಗಡೆ, ಕೆಮ್ಮುವವರಿಗೆ ಅವಕಾಶ. ಪೆಟರ್ಸನ್ನನ ಮೂರನೆಯ ಸಿಂಫನಿಗೆ ನಾಲ್ಕು ಭಾಗ, ಎಂಟನೆಯದಕ್ಕೆ ಎರಡು. ಉಳಿದ ಮುಗಿದ ಸಿಂಫನಿಗಳು ಬಹುಪಾಲು ಒಂದೇ ಭಾಗ. ಶುರುವಾದರೆ ಮುಗಿಯುವವರೆಗೆ ನಿಲುಗಡೆಯಿಲ್ಲ. ಹತ್ತನೆಯದು, ಹನ್ನೊಂದನೆಯದು ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತವೆ. ಏಳನೆಯದಕ್ಕೆ ನಲವತ್ತು ದಾಟುತ್ತದೆ. ಆರನೆಯದಕ್ಕೆ ಒಂದು ಗಂಟೆ. ಒಂಬತ್ತನೆಯದು, ವಾದ್ಯವೃಂದ ನಡೆಸುವ ಕಂಡಕ್ಟರ್ ನಿಧಾನಿಯಾದರೆ, ಒಂದು ಗಂಟೆ ಇಪ್ಪತ್ತು ನಿಮಿಷವನ್ನೂ ಮುಟ್ಟುತ್ತದೆ.

ಇಷ್ಟುದ್ದದ ಕೃತಿಯನ್ನು ಭಾಗಗಳಿಲ್ಲದೆ, ಕುಸಿಯದಂತೆ ಎತ್ತಿ ನಿಲ್ಲಿಸುವುದು ಹೇಗೆ? ಅವನ ಮುಖ್ಯ ಉಪಾಯ, ಪುಟ್ಟ ಸ್ವರಗುಚ್ಛಗಳು. ಎರಡು, ಮೂರು, ನಾಲ್ಕು ಸ್ವರ. ಅಕ್ಕಪಕ್ಕದ ಸ್ವರಸ್ಥಾನಗಳ ನಡುವೆ ಉಜ್ಜುವಂಥವು. ಇದನ್ನೊಂದು ವಾದ್ಯ ಹಿಡಿದು ಬಿಡದೆ ಹೇಳುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಗುಚ್ಛ ಬೇರೆ ವೇಗದಲ್ಲಿ ಬರುತ್ತದೆ, ಅದರ ಅಡಿಯಲ್ಲಿ ಮೂರನೆಯದು. ಒಂದೇ ಹೊತ್ತಿಗೆ ಹಲವು ರಾಗರೇಖೆಗಳನ್ನು ಹೆಣೆಯುವ ಈ ವಿದ್ಯೆಗೆ ಕೌಂಟರ್‌ಪಾಯಿಂಟ್ ಎಂದು ಹೆಸರು. ಏಕರಾಗದ ಸಂಗೀತಕ್ಕೆ ಒಗ್ಗಿದ ನಮ್ಮ ಕಿವಿ ಇಲ್ಲಿ ಯಾವುದನ್ನು ಹಿಡಿಯಬೇಕೆಂದು ತಡಕಾಡುತ್ತದೆ. ಎಲ್ಲವನ್ನೂ ಹಿಡಿಯಲು ಹೋಗಬಾರದು. ಒಂದನ್ನು, ಆದಷ್ಟು ತಗ್ಗಿನ ತಂತಿವಾದ್ಯಗಳ ರೇಖೆಯನ್ನು, ಹಿಡಿದು ನಡೆದರೆ ಉಳಿದವು ಅದರ ಸುತ್ತ ತಾವಾಗಿ ಜಾಗ ಮಾಡಿಕೊಳ್ಳುತ್ತವೆ. ಜೊತೆಗೆ ಸೈನ್ಯದ ನಡಿಗೆಯಲ್ಲಿ ಕೇಳುವ ಸಣ್ಣ ಡ್ರಮ್ಮು, ಸ್ನೇರ್ ಡ್ರಮ್. ಅವನ ಹಲವು ಸಿಂಫನಿಗಳಲ್ಲಿ ಅದು ಬೆನ್ನುಹತ್ತಿದ ಹಾಗೆ ಬರುತ್ತದೆ. ಉಬ್ಬರ ಏರುತ್ತದೆ, ಒಡೆಯುವುದಿಲ್ಲ, ಮತ್ತೆ ಏರುತ್ತದೆ.

ನಂತರ ಎಲ್ಲೋ, ಕೆಲವೊಮ್ಮೆ ಇಪ್ಪತ್ತೈದು ನಿಮಿಷ ಕಳೆದ ಮೇಲೆ, ಗದ್ದಲ ಕುಸಿದು ತಂತಿವಾದ್ಯಗಳು ಒಂದು ಸರಳ ಹಾಡನ್ನು ಎತ್ತಿಕೊಳ್ಳುತ್ತವೆ. ಮನೆಸ್ವರ ಕಾಣಿಸುತ್ತದೆ. ಈ ಜಾಗಗಳನ್ನು ವಿಮರ್ಶಕರು ದ್ವೀಪಗಳು ಎನ್ನುತ್ತಾರೆ. ಇಲ್ಲಿ ಒಂದು ತಾಂತ್ರಿಕ ಮಾತು: ಆ ಹಾಡನ್ನಷ್ಟೇ ಕತ್ತರಿಸಿ ಬೇರೆಯಾಗಿ ಕೇಳಿಸಿದರೆ ವಿಶೇಷವೇನೂ ಅನಿಸದು. ಚೆನ್ನಾಗಿದೆ, ಸ್ವಲ್ಪ ಹಳೆಯ ಶೈಲಿ ಎಂದು ಮುಂದೆ ಹೋಗುತ್ತೇವೆ. ಅದರ ಬಲವೆಲ್ಲ ಅದಕ್ಕೆ ಮುಂಚಿನ ಇಪ್ಪತ್ತೈದು ನಿಮಿಷಗಳಲ್ಲಿದೆ. ಕಿವಿ ಅಷ್ಟು ಹೊತ್ತು ಷಡ್ಜವಿಲ್ಲದೆ ಅಲೆದದ್ದರಿಂದ ಅದು ಸಿಕ್ಕಾಗ ಮೈ ಸಡಿಲವಾಗುತ್ತದೆ. ಅಂದಮೇಲೆ ಉದ್ದ ಅವನ ಚಟ ಎನ್ನುವಂತಿಲ್ಲ. ರಚನೆಗೇ ಅದು ಬೇಕು. ಯೂಟ್ಯೂಬಿನಲ್ಲಿ ‘ಪೆಟರ್ಸನ್ನನ ಸುಂದರ ಭಾಗಗಳು’ ಎಂದು ಹುಡುಕುವವರಿಗೆ ಅವನು ಸಿಗುವುದಿಲ್ಲ.

1966ರಲ್ಲಿ ಮುಗಿದ ಆರನೆಯ ಸಿಂಫನಿ ಇದಕ್ಕೆ ಸ್ಪಷ್ಟ ಉದಾಹರಣೆ. ಮೊದಲ ಸುಮಾರು ಅರ್ಧ ತೀವ್ರ ಹೋರಾಟ. ಉಳಿದರ್ಧ ಒಂದೇ ಒಂದು ದೀರ್ಘ ಹಾಡು. ಆ ಹಾಡಿನ ಮೂಲ ಬರಿಗಾಲ ಹಾಡುಗಳಲ್ಲಿದೆ, ‘ಅವನು ನನ್ನ ದೀಪ ಆರಿಸುತ್ತಾನೆ’ ಎಂಬ ಅರ್ಥದ ಶೀರ್ಷಿಕೆಯದು. ಪಿಯಾನೋ ಜೊತೆ ಕೆಲವೇ ನಿಮಿಷದಲ್ಲಿ ಮುಗಿಯುವ ಹಾಡು ಇಲ್ಲಿ ಅರ್ಧ ಗಂಟೆ ಹರಡಿಕೊಳ್ಳುತ್ತದೆ. ಮೊದಲು ಮೂಲ ಹಾಡನ್ನು ಕೇಳಿಕೊಂಡು ಆಮೇಲೆ ಸಿಂಫನಿಗೆ ಹೋದರೆ, ಮೊದಲರ್ಧದ ಗದ್ದಲದಲ್ಲೂ ಆ ಹಾಡಿನ ತುಣುಕುಗಳು ಅಲ್ಲಲ್ಲಿ ಇಣುಕುವುದು ಗೊತ್ತಾಗುತ್ತದೆ.

ಖ್ಯಾತಿ ಬಂದದ್ದು ಏಳನೆಯದರಿಂದ. 1967ರಲ್ಲಿ ಮುಗಿಸಿ, ಹಂಗೇರಿ ಮೂಲದ ಕಂಡಕ್ಟರ್ ಆಂಟಾಲ್ ಡೋರಾಟಿಗೆ ಅರ್ಪಿಸಿದ. ಡೋರಾಟಿ ಆಗ ಸ್ಟಾಕ್‌ಹೋಮ್ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥ. 1968ರ ಅಕ್ಟೋಬರ್ 13ರಂದು ಅದೇ ವಾದ್ಯವೃಂದ, ಅಂದರೆ ಪೆಟರ್ಸನ್ ಹಿಂದೆ ನೌಕರಿ ಮಾಡಿದ್ದ ವಾದ್ಯವೃಂದ, ಅದನ್ನು ಮೊದಲು ನುಡಿಸಿತು. ಸಂಯೋಜಕನಿಗೆ ಆಗ 57 ವರ್ಷ. ಮರುವರ್ಷ ಧ್ವನಿಮುದ್ರಿಕೆಯೂ ಬಂತು. ಅದೇ ಡೋರಾಟಿ ಬರಿಗಾಲ ಹಾಡುಗಳಲ್ಲಿ ಎಂಟನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದ. ಏಳನೆಯದು ಜನಕ್ಕೆ ತಲುಪಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅದರಲ್ಲಿ ದಾರಿ ಸ್ಪಷ್ಟ. ತಗ್ಗಿನ ವಾದ್ಯಗಳ ನಿಧಾನ ಆರಂಭ, ಹಿತ್ತಾಳೆ ವಾದ್ಯಗಳ ಪುಟ್ಟ ಗುಚ್ಛವೊಂದರ ಹಟ, ದೊಡ್ಡ ಉಬ್ಬರ, ಆಮೇಲೆ ತಂತಿವಾದ್ಯಗಳ ವಿಶಾಲವಾದ ಶಾಂತ ಹಾಡು, ಕೊನೆಗೆ ತೆಳುವಾಗುತ್ತ ಮುಗಿಯುವುದು. ಅಬ್ಬರದ ಮುಕ್ತಾಯ ಇಲ್ಲ. ಮೊದಲ ಸಲ ಕೇಳುವವರೂ ಎಲ್ಲಿದ್ದೇವೆಂದು ತಿಳಿದುಕೊಳ್ಳಬಹುದಾದ ಸಿಂಫನಿ ಇದು.

ಹೆಸರು ಬಂದ ಹೊತ್ತಿಗೆ ದೇಹ ಕೈಕೊಟ್ಟಿತ್ತು. ದಂಪತಿ ಇದ್ದದ್ದು ಸೋಡರ್‌ಮಾಲ್ಮ್‌ನ ಬಸ್ತುಗಾತನ್ ಬೀದಿಯ ಲಿಫ್ಟ್ ಇಲ್ಲದ ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗಿಳಿಯುವುದೇ ಒಂದು ಸಾಹಸ. 1970ರಲ್ಲಿ ಒಂಬತ್ತನೆಯದನ್ನು ಮುಗಿಸಿದ ಮೇಲೆ ಮೂತ್ರಪಿಂಡದ ಕಾಯಿಲೆ ಬಂದು ಒಂಬತ್ತು ತಿಂಗಳು ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಮಲಗಿದ. ಸಾವಿನ ಹತ್ತಿರ ಹೋಗಿ ಬಂದ. ಹತ್ತನೆಯ ಮತ್ತು ಹನ್ನೊಂದನೆಯ ಸಿಂಫನಿಗಳು ಮೊಳೆತದ್ದು ಆ ಹಾಸಿಗೆಯಲ್ಲೇ. ಇಷ್ಟು ತಿಳಿದ ಮೇಲೆ ಹತ್ತನೆಯದು ಸೊರಗಿದ, ದಣಿದ ಕೃತಿ ಎಂದುಕೊಳ್ಳುತ್ತೇವೆ. ಕೇಳಿದರೆ ಉಲ್ಟಾ. ಅವನ ಸಿಂಫನಿಗಳಲ್ಲೇ ಅತಿ ಬಿರುಸಿನದು, ಕೋಪದಲ್ಲಿ ಹಲ್ಲುಕಚ್ಚಿ ಓಡುವಂಥದು, ದ್ವೀಪಗಳಿಗೂ ಪುರಸೊತ್ತಿಲ್ಲದ್ದು. ಜೀವನಚರಿತ್ರೆಯನ್ನು ಸಂಗೀತಕ್ಕೆ ನೇರ ಅಂಟಿಸಿದರೆ ಹೀಗೆ ಎಡವುತ್ತೇವೆ. ಆಸ್ಪತ್ರೆಗೆ ಹೋಗುವ ಮೊದಲು ಬರೆದ ಒಂಬತ್ತನೆಯದೋ, ಒಂದು ಗಂಟೆಗೂ ಮೀರಿದ ಅಲೆದಾಟದ ನಂತರ ಎಫ್ ಮೇಜರ್‌ನಲ್ಲಿ (ಎಫ್ ಎಂಬ ಸ್ವರವೇ ಮನೆಯಾಗಿರುವ ಶ್ರುತಿಯಲ್ಲಿ), ಚರ್ಚಿನಲ್ಲಿ ‘ಆಮೆನ್’ ಹಾಡುವಾಗ ಬರುವ ಎರಡು ಸ್ವರಮೇಳಗಳ ಜೋಡಿಯಿಂದ ಮುಗಿಯುತ್ತದೆ. 1970ರಲ್ಲಿ, ಯೂರೋಪಿನ ಹೊಸ ಸಂಗೀತ ಆ ಬಗೆಯ ಮುಕ್ತಾಯವನ್ನು ನಾಚಿಕೆಯ ವಿಷಯ ಎಂದುಕೊಂಡಿದ್ದ ಕಾಲದಲ್ಲಿ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಕಾಯಿಲೆ-ಸಂಕಟಗಳ ಕಥೆಯನ್ನು ಬೆಳೆಸಿದವರಲ್ಲಿ ಅವನೂ ಒಬ್ಬ. ತಾನು ರಚಿಸುತ್ತಿರುವ ಕೃತಿ ತನ್ನ ಬದುಕೇ, ವರವೂ ಹೌದು ಶಾಪವೂ ಹೌದು ಎಂಬ ಧಾಟಿಯಲ್ಲಿ ಅವನು ಮಾತಾಡುತ್ತಿದ್ದ. ಸಂದರ್ಶನಗಳಲ್ಲಿ ಬಾಲ್ಯದ ಕೇರಿಗೆ, ಅಪ್ಪನ ಕುಡಿತಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದ. ಟಿವಿಯವರಿಗೆ ಇದಕ್ಕಿಂತ ಇನ್ನೇನು ಬೇಕು! ಅವನ ಮಾತನ್ನು ನಂಬಬೇಡಿ ಎಂದು ನಾನು ಹೇಳುವುದಿಲ್ಲ. ಎರಡು ಪಿಟೀಲು, ನಾಲ್ಕು ಸ್ವರ, ಒಂದು ಡ್ರಮ್ಮು ಹಿಡಿದು ಅರವತ್ತು ನಿಮಿಷ ಕಟ್ಟುವ ಕಸುಬುದಾರಿಕೆ ಸಂಕಟದಿಂದ ತಾನಾಗಿ ಬರುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಸಂಧಿವಾತ ಬಂದವರು ಲಕ್ಷಾಂತರ.

ತನ್ನ ನೋವಿನಲ್ಲೇ ಮುಳುಗಿದ್ದವನು ಎಂಬ ಮಾತಿಗೂ ಉತ್ತರವಿದೆ. ಉಪ್ಸಾಲಾ ವಿಶ್ವವಿದ್ಯಾಲಯದ 500ನೇ ವರ್ಷಾಚರಣೆ 1977ರಲ್ಲಿತ್ತು. ಅದಕ್ಕಾಗಿ ಕೃತಿ ಬರೆದುಕೊಡಲು ಪೆಟರ್ಸನ್ನನನ್ನು ಕೇಳಿದರು. ಇಂಥ ಸಮಾರಂಭಕ್ಕೆ ಮಂಗಳಕರವಾದದ್ದೇನಾದರೂ ಕೊಡುವುದು ವಾಡಿಕೆ. ಅವನು ಕೊಟ್ಟದ್ದು ‘ಚೌಕದಲ್ಲಿ ಸತ್ತವರು’ ಎಂಬ ಹನ್ನೆರಡನೆಯ ಸಿಂಫನಿ. ಚಿಲಿ ದೇಶದ ಕವಿ ಪಾಬ್ಲೊ ನೆರೂದಾನ ‘ಕಾಂತೊ ಹೆನೆರಾಲ್’ ಸಂಗ್ರಹದ ಪದ್ಯಗಳ ಸ್ವೀಡಿಷ್ ಅನುವಾದ ಅದರ ಸಾಹಿತ್ಯ. 1946ರ ಜನವರಿ 28ರಂದು ಸಾಂತಿಯಾಗೊ ನಗರದ ಬುಲ್ನೆಸ್ ಚೌಕದಲ್ಲಿ ಸೇರಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೇ ಅದರ ವಸ್ತು. ಪೆಟರ್ಸನ್ ಈ ಸಿಂಫನಿ ಬರೆದದ್ದು 1973-74ರಲ್ಲಿ. 1973ರ ಸೆಪ್ಟೆಂಬರ್‌ನಲ್ಲಿ ಚಿಲಿಯಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತ್ತು, ಅದೇ ತಿಂಗಳು ನೆರೂದಾ ತೀರಿಕೊಂಡಿದ್ದ. ಸುಮಾರು ಐವತ್ತೈದು ನಿಮಿಷ ಗಾಯಕವೃಂದ ಬಹುತೇಕ ಬಿಡುವಿಲ್ಲದೆ ಹಾಡುತ್ತದೆ. ಒಬ್ಬನೇ ನಾಯಕ ಗಾಯಕ ಇಲ್ಲ, ಗುಂಪೇ ಎಲ್ಲ. ಹಾಡುವವರ ಗಂಟಲಿಗೆ ಇದು ಕಠಿಣ ಪರೀಕ್ಷೆ. 1974ರಲ್ಲಿ ಬರೆದ ‘ವೋಕ್ಸ್ ಹ್ಯೂಮಾನಾ’ ಎಂಬ ಗಾಯನ ಕೃತಿಗೂ ಲ್ಯಾಟಿನ್ ಅಮೆರಿಕದ ಕವಿತೆಗಳನ್ನೇ ಆರಿಸಿಕೊಂಡ.

ಜಗಳಗಂಟ ಎಂದೆನಲ್ಲ, ಅದರ ಪ್ರಸಿದ್ಧ ಪ್ರಸಂಗ 1975ರದು. ಸ್ಟಾಕ್‌ಹೋಮ್ ಫಿಲ್‌ಹಾರ್ಮೋನಿಕ್ ಅಮೆರಿಕ ಪ್ರವಾಸ ಹೊರಟಿತ್ತು, ಕಾರ್ಯಕ್ರಮದಿಂದ ಏಳನೆಯ ಸಿಂಫನಿಯನ್ನು ಕೈಬಿಟ್ಟರು. ಪೆಟರ್ಸನ್ ಸಿಟ್ಟಿಗೆದ್ದು, ಇನ್ನು ಮುಂದೆ ಆ ವಾದ್ಯವೃಂದ ತನ್ನ ಯಾವ ಕೃತಿಯನ್ನೂ ಎಂದೆಂದಿಗೂ ನುಡಿಸಕೂಡದು ಎಂದು ನಿಷೇಧ ಹಾಕಿದ. ಮರುವರ್ಷ ಸಮಾಧಾನವಾಯಿತು, ನಿಷೇಧ ಹಿಂತೆಗೆದ. ಅದೇ 1976ರಲ್ಲಿ ಸರ್ಕಾರದ ನೆರವಿನಿಂದ ಬೇರೆ ಮನೆಗೆ ಹೋದ. ಮೆಟ್ಟಿಲುಗಳ ಕಾಟ ತಪ್ಪಿತು.

ಕೊನೆಯ ನಾಲ್ಕು ವರ್ಷ ಅವನು ಬರೆದ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. 13ನೆಯ ಸಿಂಫನಿ 1976ರಲ್ಲಿ, ಎರಡನೆಯ ಪಿಟೀಲು ಕನ್ಚೆರ್ಟೋ 1977ರಲ್ಲಿ, 14 ಮತ್ತು 15ನೆಯ ಸಿಂಫನಿಗಳು 1978ರಲ್ಲಿ. 1979ರ 16ನೆಯದರಲ್ಲಿ ಸ್ಯಾಕ್ಸೋಫೋನ್ ಮುಖ್ಯ ವಾದ್ಯ, ಅಮೆರಿಕದ ವಾದಕ ಫ್ರೆಡರಿಕ್ ಹೆಮ್ಕೆಗಾಗಿ ಬರೆದದ್ದು. ಇವುಗಳಲ್ಲಿ ಪಿಟೀಲು ಕನ್ಚೆರ್ಟೋ ನನಗೆ ಅವನ ಅತ್ಯುತ್ತಮ ಕೃತಿ. ಕನ್ಚೆರ್ಟೋ ಎಂದರೆ ವಾದಕ ತನ್ನ ಕೈಚಳಕ ತೋರಿಸುವುದು, ಆರ್ಕೆಸ್ಟ್ರಾ ಬದಿಗೆ ಸರಿದು ದಾರಿ ಬಿಡುವುದು ಎಂಬ ರೂಢಿ ಇಲ್ಲಿ ಮುರಿದುಬಿದ್ದಿದೆ. ಐವತ್ತಕ್ಕೂ ಹೆಚ್ಚು ನಿಮಿಷ ಪಿಟೀಲು ಹೆಚ್ಚುಕಡಿಮೆ ನಿಲ್ಲಿಸದೆ ನುಡಿಸುತ್ತಿರುತ್ತದೆ, ಆದರೆ ದೊಡ್ಡ ಆರ್ಕೆಸ್ಟ್ರಾದ ನಡುವೆ ಹಲವು ಕಡೆ ಮುಳುಗಿಹೋಗುತ್ತದೆ. ವಾದಕಿ ಬೆವರು ಹರಿಸಿ ನುಡಿಸಿದ್ದು ಸಭೆಗೆ ಕೇಳಿಸುವುದೇ ಇಲ್ಲ. ಇದನ್ನು ದೋಷ ಎಂದವರುಂಟು. ಕೊನೆಯ ಹಂತದಲ್ಲಿ ‘ದೇವರು ಹುಲ್ಲುಗಾವಲಿನಲ್ಲಿ ನಡೆಯುತ್ತಾನೆ’ ಎಂಬ ಬರಿಗಾಲ ಹಾಡು ತಲೆಯೆತ್ತಿ, ಪಿಟೀಲು ಅದನ್ನು ಹಿಡಿದು ಮೇಲೆ ಬಂದಾಗ, ಮೊದಲು ಮುಳುಗಿಸಿದ್ದು ಯಾಕೆಂದು ಅರ್ಥವಾಗುತ್ತದೆ. 1980ರ ಜನವರಿಯಲ್ಲಿ ಈಡಾ ಹೆಂಡೆಲ್ ಇದನ್ನು ಮೊದಲು ನುಡಿಸಿದಳು, ಹರ್ಬರ್ಟ್ ಬ್ಲೂಮ್‌ಸ್ಟೆಟ್ ಸ್ವೀಡಿಷ್ ರೇಡಿಯೊ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸಿದ. ಅದೇ ವರ್ಷ ಜೂನ್ 20ರಂದು ಪೆಟರ್ಸನ್ ಕ್ಯಾನ್ಸರ್‌ನಿಂದ ತೀರಿಕೊಂಡ. ಕಾಗದಗಳ ನಡುವೆ 1979ರ ವಿಯೋಲಾ ಕನ್ಚೆರ್ಟೋ ಒಂದು ಸಿಕ್ಕಿತು. 17ನೆಯ ಸಿಂಫನಿಯ ಆರಂಭದ ತುಣುಕೂ ಇತ್ತು. ವಿಯೋಲಾ ಕನ್ಚೆರ್ಟೋವನ್ನು 1988ರಲ್ಲಿ ಯೂರಿ ಬಾಶ್ಮೆಟ್ ಮೊದಲ ಬಾರಿಗೆ ನುಡಿಸಿದ.

ಇವನನ್ನು ಇಷ್ಟಪಡದವರ ಮಾತಿನಲ್ಲೂ ಹುರುಳಿದೆ. ಒಂದೇ ಮಾತನ್ನು ಹದಿನಾರು ಸಲ ಹೇಳಿದ ಎನ್ನುತ್ತಾರೆ. 13ನೆಯದನ್ನು ಕೇಳುವಾಗ ನನಗೂ ಹಾಗೆನಿಸಿದೆ. ದಟ್ಟಣೆ ಎಷ್ಟಿದೆಯೆಂದರೆ ಹಿಡಿಯಲು ಒಂದು ರೇಖೆಯೂ ಸಿಗದ ಪುಟಗಳು ಅದರಲ್ಲಿವೆ. ನಗು ಎಂಬುದು ಅವನ ಸಂಗೀತದಲ್ಲಿ ಇಲ್ಲವೇ ಇಲ್ಲ. ಗುಸ್ತಾವ್ ಮಾಲರ್, ಶೋಸ್ತಕೋವಿಚ್ ಎಂಬ ದೊಡ್ಡ ಸಿಂಫನಿಕಾರರ ಜೊತೆ ಅವನನ್ನು ಹೋಲಿಸುವವರು ಈ ವ್ಯತ್ಯಾಸ ಮರೆಯುತ್ತಾರೆ. ಆ ಇಬ್ಬರೂ ಎಂಥ ಕತ್ತಲಲ್ಲೂ ವ್ಯಂಗ್ಯ ಮಾಡಬಲ್ಲರು, ಕೋಡಂಗಿ ಕುಣಿತ ಕುಣಿಸಬಲ್ಲರು. ಪೆಟರ್ಸನ್ನನಿಗೆ ವ್ಯಂಗ್ಯ ಬರುವುದಿಲ್ಲ. ಹೇಳಿದ್ದನ್ನೆಲ್ಲ ನೇರವಾಗಿಯೇ ಹೇಳುತ್ತಾನೆ, ದೊಡ್ಡ ದನಿಯಲ್ಲಿ. ಕೆಲವರಿಗೆ ಅದೇ ಅವನ ಶಕ್ತಿ.

ಅವನು ಸತ್ತ ಮೇಲೆ ಹೆಚ್ಚು ಆಸಕ್ತಿ ತೋರಿದ್ದು ಜರ್ಮನಿ. ಅಲ್ಲಿನ ಸಿಪಿಒ ಎಂಬ ಧ್ವನಿಮುದ್ರಣ ಕಂಪನಿ ಸಿಂಫನಿಗಳ ಸರಣಿಯನ್ನು ಹಲವು ಕಂಡಕ್ಟರುಗಳಿಂದ ಧ್ವನಿಮುದ್ರಿಸಿತು. ಸ್ವೀಡನ್ನಿನ ಬಿಐಎಸ್ ಕಂಪನಿಗಾಗಿ ಕ್ರಿಶ್ಚಿಯನ್ ಲಿಂಡ್‌ಬರ್ಗ್ ನೊರ್‌ಶೋಪಿಂಗ್ ನಗರದ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಈ ಕೆಲಸ ಮಾಡಿದ್ದಾನೆ. ಟ್ರೊಂಬೋನ್ ವಾದಕನಾಗಿ ಜಗತ್ಪ್ರಸಿದ್ಧನಾದ ಲಿಂಡ್‌ಬರ್ಗ್, ಅರ್ಧಕ್ಕೆ ನಿಂತಿದ್ದ ಮೊದಲ ಸಿಂಫನಿಯ ಹಸ್ತಪ್ರತಿಯನ್ನೂ ನುಡಿಸಬಹುದಾದ ರೂಪಕ್ಕೆ ತಂದ. ಇವುಗಳಲ್ಲಿ ಬಹಳಷ್ಟು ಇವತ್ತು ಮೊಬೈಲಿನಲ್ಲೇ ಸಿಗುತ್ತವೆ.

ಎಲ್ಲಿಂದ ಶುರುಮಾಡುವುದು? ಬರಿಗಾಲ ಹಾಡುಗಳಿಂದ, ಅದರಲ್ಲೂ ಮೇಲೆ ಹೇಳಿದ ಎರಡು ಹಾಡುಗಳಿಂದ. ಭಾಷೆ ತಿಳಿಯದಿದ್ದರೂ ಅಡ್ಡಿಯಿಲ್ಲ, ರಾಗ ಕಿವಿಯಲ್ಲಿ ಕೂರಲಿ. ಆಮೇಲೆ ಏಳನೆಯ ಸಿಂಫನಿ, ಡೋರಾಟಿಯದೇ ಸಿಕ್ಕರೆ ಒಳ್ಳೆಯದು. ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕೇಳುವ ಸಂಗೀತ ಇದಲ್ಲ. ತಗ್ಗಿನ ದನಿಗಳೆಲ್ಲ ಎಂಜಿನ್ ಸದ್ದಿನಲ್ಲಿ ಕಳೆದುಹೋಗುತ್ತವೆ, ತಗ್ಗಿನ ದನಿ ಹೋದರೆ ಪೆಟರ್ಸನ್ನನಲ್ಲಿ ಅರ್ಧ ಹೋದಂತೆ. ಅದು ಒಗ್ಗಿದರೆ ಎಂಟನೆಯದು, ಎರಡು ಭಾಗಗಳಿರುವುದರಿಂದ ನಡುವೆ ಉಸಿರಾಡಬಹುದು. ನಂತರ ಆರನೆಯದು, ಪಿಟೀಲು ಕನ್ಚೆರ್ಟೋ. ಹತ್ತನೆಯದನ್ನು ಯಾವಾಗ ಬೇಕಾದರೂ ಕೇಳಬಹುದು, ಇಪ್ಪತ್ತೈದು ನಿಮಿಷದ ಮಾತು. ಒಂಬತ್ತನೆಯದಕ್ಕೆ ಮಾತ್ರ ಅವಸರ ಬೇಡ. ಉಳಿದವು ಕೇಳಿ ಆದಮೇಲೆ, ಫೋನು ಬೇರೆ ಕೋಣೆಯಲ್ಲಿಟ್ಟು, ಸಂಜೆ ಪೂರ್ತಿ ಬಿಡುವಿರುವ ಒಂದು ದಿನ ನೋಡಿಕೊಳ್ಳಿ.